ರೋಲರಕ್ಕನ ಮುಖ

ನಮ್ಮ ಸಾಕ್ಷ್ಯಚಿತ್ರದ ಹೆಸರು ‘ನೆಲಮಾಳಿಗೆಯ ಮೌನ’. ಆ ನೆಲಮಾಳಿಗೆಯಲ್ಲಿ ಮೌನವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇತ್ತು. ಅದು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗ. ಒಗೆಯುವ ಯಂತ್ರಗಳು ಗುಡುಗುತ್ತಿದ್ದವು, ಹಬೆಯ ಕೊಳವೆಗಳು ಬುಸುಗುಟ್ಟುತ್ತಿದ್ದವು, ಅವೆರಡನ್ನೂ ಮೀರಿಸಿ ಅಲ್ಲಿನ ಹೆಂಗಸರು ಮಾತಾಡುತ್ತಿದ್ದರು. ಚಿತ್ರಕ್ಕೆ ಧ್ವನಿ ಹಿಡಿಯುವ ಕೆಲಸ ನನ್ನದಾದ್ದರಿಂದ ಹೆಸರು ತಪ್ಪೆಂಬುದು ನನಗೆ ಮೊದಲ ದಿನವೇ ಗೊತ್ತಾಯಿತು. ಆದರೆ ಗೊತ್ತಾದದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ.

ಕೆಲಸ ಸಿಕ್ಕಿದ್ದೂ ಆ ಕಾರಣಕ್ಕೇ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದೆ. “ಬಾಯಿ ಎಲ್ಲಾದ್ರೂ ಅಡ ಇಟ್ಟು ಬಂದಿದ್ದೀಯೇನೇ?” ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಸಂದರ್ಶನದಲ್ಲಿ ನಿರ್ದೇಶಕರು ಕೇಳಿದ್ದಕ್ಕೆಲ್ಲ ನಾನು ತಲೆಯಾಡಿಸಿದೆ. “ಭೇಷ್! ಶಬ್ದ ಹಿಡಿಯೋರು ಶಬ್ದ ಮಾಡಬಾರದು” ಎಂದು ಅವರು ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕನ್ನು ಅಲ್ಲೇ ನನ್ನ ಕೈಗೆ ಕೊಟ್ಟುಬಿಟ್ಟರು. ಶೂಟಿಂಗ್ ಮುಗಿದ ಮೇಲೆ ಎಡಿಟಿಂಗ್ ಕೋಣೆಯಲ್ಲಿ ಕೂತು ಕತ್ತರಿಸಿ ಅಂಟಿಸುವ ಕೆಲಸವೂ ನನ್ನದೇ. ಏಕೆಂದರೆ ನಮ್ಮ ಇಡೀ ತಂಡವೆಂದರೆ ನಿರ್ದೇಶಕರು, ಕ್ಯಾಮೆರಾಮನ್ ಮತ್ತು ನಾನು.

ನಿರ್ದೇಶಕರಿಗೆ ಎಲ್ಲವೂ ಆಳವಾಗಿರಬೇಕು. ದೃಶ್ಯ ಆಳ, ನೋವು ಆಳ, ಕಾಫಿ ಕುಡಿದರೆ ಅದರ ರುಚಿಯೂ ಆಳ. ಹಾಗಾಗಿ ಕ್ಯಾಮೆರಾಮನ್ ಅವರನ್ನು ಬೆನ್ನ ಹಿಂದೆ ‘ಬಾವಿ ಸಾರ್’ ಎಂದು ಕರೆಯುತ್ತಿದ್ದ. ಮನಸ್ಸಿನೊಳಗೆ ನಾನೂ ಹಾಗೆಯೇ ಕರೆಯತೊಡಗಿದೆ. ಮನಸ್ಸಿನೊಳಗೆ ನಾನು ಬಹಳ ಮಾತುಗಾತಿ.

ಆ ವಿಭಾಗದಲ್ಲಿ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತಿದ್ದವಳು ರೋಲರಕ್ಕ. ಒಗೆದ ಹಾಸಿಗೆ ಬಟ್ಟೆಗಳನ್ನು ಬಿಸಿ ರೋಲರುಗಳ ನಡುವೆ ಒಂದು ಕಡೆಯಿಂದ ಊಡಿಸಿದರೆ ಇನ್ನೊಂದು ಕಡೆಯಿಂದ ಹಪ್ಪಳದ ಹಾಗೆ ಗರಿಗರಿಯಾಗಿ ಹೊರಬರುತ್ತವೆ. ಊಡಿಸುವವಳು ಅವಳು. ತೋಳು ದಪ್ಪ, ದನಿ ಅದಕ್ಕಿಂತ ದಪ್ಪ. ಮೊದಲ ದಿನ ಬಾವಿ ಸಾರ್ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿ, ತಾವು ಮಂಡಿಯೂರಿ ಕೂತು, ಯಾರೋ ಸತ್ತ ಮನೆಯಲ್ಲಿ ಮಾತಾಡುವಂತೆ ಕೇಳಿದರು:

“ಅಮ್ಮಾ, ನಿಮ್ಮ ನೋವನ್ನು ಹೇಳಿ.”

“ಸೊಂಟ” ಎಂದಳು ರೋಲರಕ್ಕ.

“ಇನ್ನೂ ಸ್ವಲ್ಪ ಆಳವಾಗಿ…”

ಅವಳು ಯೋಚಿಸಿದಳು. “ಸೊಂಟದ ಒಳಗೆ.”

ಹಿಂದೆ ಬಟ್ಟೆ ಮಡಚುತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ನಾನು ಮೈಕಿನ ಕೋಲು ಅಲುಗಾಡದಂತೆ ತುಟಿ ಕಚ್ಚಿಕೊಂಡೆ. ಹಬೆ ಬಂದು ಲೆನ್ಸಿನ ಮೇಲೆ ಕೂತಿತು. ಕ್ಯಾಮೆರಾಮನ್ ಅದನ್ನು ಒರೆಸುತ್ತ, “ಸಾರ್, ಇವತ್ತಿಗೆ ಇಷ್ಟೇ ಆಳ ಸಿಗೋದು” ಎಂದ.

ಮರುದಿನ ರೋಲರಕ್ಕ ಮುಖಕ್ಕೆ ಪೌಡರು ಬಳಿದು, ದೊಡ್ಡ ಕಿವಿಯೋಲೆ ಹಾಕಿ, ಮದುವೆಗೆ ಹೊರಟವಳ ಹಾಗೆ ಬಂದಳು. ಬಾವಿ ಸಾರ್ ಮುಖ ಬಾಡಿತು. “ಅಮ್ಮಾ, ದಿನಾ ಬರೋ ಹಾಗೇ ಬನ್ನಿ ಅಂದಿದ್ದೆನಲ್ಲ.”

“ದಿನಾ ಹಿಂಗೇ ಬರೋದು ಸಾರ್.”

“ಹೌದೌದು” ಎಂದಳೊಬ್ಬಳು ಹಿಂದಿನಿಂದ, “ನಾವಂತೂ ಇವಳ್ಯಾರು ಅಂತ ಗೇಟಲ್ಲೇ ತಡೆದು ಕೇಳಿದ್ವಿ.”

ಈ ಸಿಂಗಾರದ ಹಿಂದಿನ ಕಥೆಯನ್ನು ರೋಲರಕ್ಕ ನನಗೆ ಹೇಳಿದ್ದು ಕಾಲರ್ ಮೈಕ್ ಸಿಕ್ಕಿಸಿಕೊಳ್ಳುವಾಗ. ಕಾಲರ್ ಮೈಕ್ ಹಾಕುವಾಗ ಎದುರಿನವರ ಎದೆಗೆ ಮುಖವಿಟ್ಟು ನಿಲ್ಲಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ಜನ ಮನಸ್ಸಿನಲ್ಲಿದ್ದದ್ದನ್ನೆಲ್ಲ ನನ್ನ ನೆತ್ತಿಗೆ ಹೇಳಿಬಿಡುತ್ತಾರೆ.

ಅವಳ ಗಂಡನ ತಂಗಿ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ವಿಚಾರಣೆಯ ಕೌಂಟರಿನಲ್ಲಿ ಕೂರುತ್ತಾಳಂತೆ. ಗಾಜಿನ ಹಿಂದೆ, ತಿರುಗುವ ಕುರ್ಚಿಯಲ್ಲಿ. ಅತ್ತಿಗೆ ಎದುರಿಗೆ ಹಾದುಹೋದರೆ ಕಂಪ್ಯೂಟರಿನಲ್ಲಿ ಏನೋ ಹುಡುಕತೊಡಗುತ್ತಾಳಂತೆ. ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವಳು ತನ್ನ ಸ್ವಂತ ಅತ್ತಿಗೆಯೆಂದು ಅಲ್ಲಿ ಯಾರಿಗೂ ಹೇಳಿಲ್ಲ.

“ಹೇಳದೇ ಇದ್ರೆ ಹೋಗ್ಲಿ ಪುಟ್ಟಿ. ಏನು ಹೇಳಿದಾಳೆ ಗೊತ್ತಾ? ನಮ್ಮತ್ತಿಗೆ ಮನೇಲಿ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಾಳೆ ಅಂತ! ನಾನು! ನಾನು ಲಾಲಿ ಹಾಡಿದ್ರೆ ನನ್ನ ಮಕ್ಕಳು ಎದ್ದು ಓಡ್ತಿದ್ವು.”

ಸಿನಿಮಾದವರು ಬಂದಿದ್ದಾರೆ, ನನ್ನನ್ನು ತೆಗೆಯುತ್ತಾರೆ, ಮೇಲಿನ ದೊಡ್ಡ ಹಾಲಿನಲ್ಲೇ ತೋರಿಸುತ್ತಾರೆ ಎಂದು ರೋಲರಕ್ಕ ಮನೆಯಲ್ಲಿ ಹೇಳಿದಾಗ ನಾದಿನಿ ನಕ್ಕಳಂತೆ. “ಅತ್ತಿಗೆ, ನಿಮ್ಮ ಮುಖ ಪರದೆ ಮೇಲೆ ಬರ್ಲಿ, ಇಡೀ ಆಸ್ಪತ್ರೆ ಎದುರಿಗೆ ಎದ್ದು ನಿಂತು ಇವಳು ನಮ್ಮತ್ತಿಗೆ ಅಂತೀನಿ” ಎಂದು ಪಂಥ ಕಟ್ಟಿದಳಂತೆ.

“ಅವಳ ಬಾಯಿಂದ ಆ ಮಾತು ಬರಬೇಕು ಪುಟ್ಟಿ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳ ಜಡೆ ಹೆಣೆದಿದೀನಿ, ಅವಳ ಮದುವೇಲಿ ಅವಳಿಗಿಂತ ಜಾಸ್ತಿ ಅತ್ತಿದೀನಿ. ನಾಲ್ಕು ಜನರ ಮುಂದೆ ನಮ್ಮತ್ತಿಗೆ ಅನ್ನೋಕೆ ಅವಳಿಗೇನು ರೋಗ? ನನ್ನ ಮುಖ ಬರುತ್ತೆ ತಾನೇ?”

ನಾನು ತಲೆಯಾಡಿಸಿದೆ. ನನ್ನ ಕುತ್ತಿಗೆ ನನ್ನನ್ನು ಕೇಳಿ ಆಡುವುದಿಲ್ಲ.

ಎಡಿಟಿಂಗ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಬಾವಿ ಸಾರ್ ಬಂದು, ಚಿತ್ರಕ್ಕೆ ನೆರವು ಕೊಟ್ಟ ಸಂಸ್ಥೆಯ ನಿಯಮವೊಂದನ್ನು ಹೇಳಿದರು. ದುಡಿಯುವ ಹೆಂಗಸರ ಮುಖಗಳನ್ನೆಲ್ಲ ಬ್ಲರ್ ಮಾಡಬೇಕು, ಗುರುತು ಸಿಗಬಾರದು, ಅದು ಅವರ ಸುರಕ್ಷತೆಗಾಗಿ. “ಮಸುಕು ಅಂದ್ರೆ ಬರೀ ಮಸುಕಲ್ಲಮ್ಮ, ಅದು ಗೌರವ” ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳಿದರು.

ನಾನು ‘ಸಾರ್, ರೋಲರಕ್ಕನಿಗೆ ಅವಳ ಮುಖ ಕಾಣಬೇಕಂತೆ’ ಎಂಬ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿದೆ. ಸ್ನಾನದ ಮನೆಗೆ ಹೋಗಿ ಕನ್ನಡಿಯ ಮುಂದೆ ಹೇಳಿ ನೋಡಿದೆ. ಚೆನ್ನಾಗಿ ಬಂತು. ವಾಪಸ್ಸು ಬಂದು ಅವರೆದುರು ನಿಂತೆ. ಬಾಯಿ ತೆರೆಯಿತು. “ಸಾರ್, ಕಾಫಿ?” ಎಂದಿತು.

“ಕೊಡಮ್ಮ. ಸಕ್ಕರೆ ಬೇಡ” ಎಂದರು ಬಾವಿ ಸಾರ್.

ಅವರಿಗೆ ಹೇಳಲಾಗದಿದ್ದರೆ ಅವಳಿಗಾದರೂ ಹೇಳೋಣವೆಂದು ಮರುದಿನ ನೆಲಮಾಳಿಗೆಗೆ ಹೋದೆ. ರೋಲರಕ್ಕ ಊಟದ ಬಿಡುವಿನಲ್ಲಿ ಒಗೆಯುವ ಬಟ್ಟೆಯ ಗಂಟಿನ ಮೇಲೆ ಕೂತು, ಪರದೆಯ ಮೇಲೆ ತಾನು ಬಂದಾಗ ಹಾಲಿನಲ್ಲಿ ಹೇಗೆ ಕೂರಬೇಕೆಂದು ಅಭ್ಯಾಸ ಮಾಡುತ್ತಿದ್ದಳು. ಹೆಚ್ಚು ಬೀಗಬಾರದು, ಏನೂ ಆಗದವಳ ಹಾಗೆ ಗೋಡೆ ನೋಡಬೇಕು, ಆದರೆ ನಾದಿನಿ ಕಡೆಗೆ ಅರ್ಧ ಕಣ್ಣು ಇರಬೇಕು. ಮಡಚುವ ಹೆಂಗಸರು ತಿದ್ದುತ್ತಿದ್ದರು. “ಅರ್ಧ ಕಣ್ಣು ಅಂದ್ರೆ ಇಷ್ಟಲ್ಲ ಕಣೇ, ಮೆಳ್ಳೆಗಣ್ಣು ಅಂದ್ಕೋತಾರೆ!”

ಅದೇ ಹೊತ್ತಿಗೆ ನನ್ನ ಬಾಯಿಂದ ಮಾತು ಜಾರಿತು. ತಡೆದಿಟ್ಟ ಮಾತು ಹಾಗೆಯೇ, ಬೇಡದ ಹೊತ್ತಿನಲ್ಲಿ ಸೀನಿನಂತೆ ಬರುತ್ತದೆ. “ಅಕ್ಕ, ನಿಮ್ಮ ಮುಖ ಮಸುಕು ಮಾಡ್ತಾರಂತೆ.”

ರೋಲರಕ್ಕ ಗಂಟಿನಿಂದ ಎದ್ದಳು.

“ಮಸುಕು ಅಂದ್ರೆ?” ಎಂದಳು ರೋಲರಕ್ಕ. “ಟೀವಿಯಲ್ಲಿ ಕಳ್ಳರನ್ನ ಹಿಡಿದಾಗ ಮುಖಕ್ಕೆ ಹಾಕ್ತಾರಲ್ಲ, ಅದಾ?”

ನಾನು ಹೌದೆಂದೆ.

“ಅಯ್ಯೋ ನನ್ನ ಕರ್ಮವೇ! ನಮ್ಮತ್ತಿಗೆ ಅನ್ನೋದು ಹಾಳಾಗ್ಲಿ, ನಮ್ಮತ್ತಿಗೇನ ಪೊಲೀಸ್ನೋರು ಹಿಡ್ಕೊಂಡ್ರು ಅಂತಾಳೆ ಅವಳು! ಎಲ್ಲಿ ನಿಮ್ಮ ಸಾರು?”

ಸಾರ್ ಕ್ಯಾಮೆರಾಮನ್ನನ ಜೊತೆ ಹೊಲಿಗೆ ಮೇಜಿನ ಹತ್ತಿರ ಉಳಿದ ದೃಶ್ಯಗಳನ್ನು ತೆಗೆಯುತ್ತಿದ್ದರು. ರೋಲರಕ್ಕ ಬಿರುಗಾಳಿಯ ಹಾಗೆ ಹೋದಳು. ನಾನು ಅವಳ ಹಿಂದೆ ಎಲೆಯ ಹಾಗೆ ಹೋದೆ.

“ಸಾರ್, ನನ್ನ ಮುಖಕ್ಕೇನು ಬಂದಿದೆ? ಕದ್ದಿದೀನಾ? ಕೊಂದಿದೀನಾ? ಜನ ಮಲಗಿ ಎದ್ದ ಬಟ್ಟೆ ಒಗೀತೀನಿ. ಇದೇ ಮುಖ ಇಟ್ಕೊಂಡು ಒಗೀತೀನಿ. ಇದನ್ನ ಯಾಕೆ ಮುಚ್ತೀರಿ?”

ಬಾವಿ ಸಾರ್ ಕಣ್ಣಲ್ಲಿ ನೀರು ತುಂಬಿತು. ಅವರು ಎರಡೂ ಕೈ ಮೇಲೆತ್ತಿದರು. “ನಿಲ್ಲಿಸಿ! ಒಂದು ನಿಮಿಷ ನಿಲ್ಲಿಸಿ! ಇದನ್ನೇ ಕ್ಯಾಮೆರಾ ಮುಂದೆ ಹೇಳಿ. ಮೊದಲಿಂದ. ಮೈಕ್ ಎಲ್ಲಿ?”

ಅವಳು ಮೊದಲಿನಿಂದ ಹೇಳಿದಳು. ಎರಡನೆಯ ಸಲಕ್ಕೆ ಕೋಪ ಇನ್ನೂ ಏರಿತ್ತು. ಸಾರ್ ತಡೆಯಲಾರದೆ ತಾವೂ ದೃಶ್ಯದೊಳಗೆ ಬಂದು, ಅವಳ ಪಕ್ಕದಲ್ಲಿ ಗಲ್ಲಕ್ಕೆ ಕೈಯಿಟ್ಟು, ಲೋಕದ ಭಾರವೆಲ್ಲ ಹೆಗಲ ಮೇಲಿದ್ದವರಂತೆ ತಲೆ ತೂಗುತ್ತ ನಿಂತರು. ರೋಲರಕ್ಕ ಮೇಜಿನ ಮೇಲಿದ್ದ ಹಾಸಿಗೆ ಬಟ್ಟೆಯೊಂದನ್ನು ಕಿತ್ತು ತಲೆಯ ಮೇಲಿಂದ ಪೂರ್ತಿ ಹೊದ್ದುಕೊಂಡಳು. ಬಟ್ಟೆಯೊಳಗಿಂದಲೇ, “ಹಿಂಗಿದ್ರೆ ಚೆಂದವಾ? ಹಿಂಗೇ ಮನೆಗೆ ಹೋಗ್ಲಾ?” ಎಂದು ಕೂಗಿ, ಅದನ್ನು ಸರಕ್ಕನೆ ಎಳೆದು ಬಿಸಾಕಿದಳು. ಕೂದಲು ಕೆದರಿ, ಒಂದು ಕಿವಿಯೋಲೆ ಬಟ್ಟೆಯ ಜೊತೆ ಹಾರಿಹೋಗಿ, ಮುಖ ಕೆಂಡವಾಗಿತ್ತು.

“ಕಟ್” ಎಂದರು ಬಾವಿ ಸಾರ್, ಮೂಗು ಒರೆಸಿಕೊಳ್ಳುತ್ತ. “ಅಮ್ಮಾ, ಇದು ನಮ್ಮ ಚಿತ್ರದ ಹೃದಯ. ನೀವು ನಿಶ್ಚಿಂತೆಯಿಂದ ಹೋಗಿ. ಇದಕ್ಕೆ ನಾನು ನ್ಯಾಯ ಒದಗಿಸ್ತೀನಿ.”

ಗೆದ್ದೆನೆಂದುಕೊಂಡು ರೋಲರಕ್ಕ ಅಂದೇ ನೆಂಟರಿಷ್ಟರನ್ನೆಲ್ಲ ಕರೆದುಬಿಟ್ಟಳು. ಸಾರ್ ಎಡಿಟಿಂಗ್ ಕೋಣೆಗೆ ಬಂದು ನನ್ನ ಪಕ್ಕ ಕೂತರು. “ಆ ದೃಶ್ಯ ಪೂರ್ತಿ ಇರಲಿ, ಒಂದು ಕ್ಷಣವೂ ಕತ್ತರಿಸಬೇಡ” ಎಂದರು. ಆಮೇಲೆ ಎದ್ದು ಬಾಗಿಲ ಬಳಿ ಹೋಗಿ, “ಹಾಂ, ಮುಖಕ್ಕೆ ಬ್ಲರ್ ಹಾಕೋದು ಮರೀಬೇಡ” ಎಂದರು.

ಬ್ಲರ್ ಹಾಕುವ ಕೆಲಸ ಹೀಗೆ: ಮುಖದ ಸುತ್ತ ಒಂದು ವೃತ್ತ ಎಳೆದರೆ ಕಂಪ್ಯೂಟರು ಆ ಮುಖ ಹೋದಲ್ಲೆಲ್ಲ ವೃತ್ತವನ್ನು ಒಯ್ಯುತ್ತದೆ. ಆದರೆ ಅದಕ್ಕೆ ಮುಖವೆಂದರೆ ಯಾವುದಾದರೂ ಸರಿ. ಒಬ್ಬರ ಮುಖ ಕ್ಷಣ ಮರೆಯಾದರೆ ಪಕ್ಕದಲ್ಲಿ ಯಾರಿದ್ದಾರೋ ಅವರ ಮೇಲೆ ಹೋಗಿ ಕೂರುತ್ತದೆ, ಪಾತ್ರೆ ಬದಲಿಸುವ ನೊಣದ ಹಾಗೆ. ಆಗ ಅದನ್ನು ಕೈಯಿಂದ ಹಿಡಿದು ತಂದು ಮೊದಲಿನ ಮುಖದ ಮೇಲೆ ಕೂರಿಸಬೇಕು. ಆ ವಾರವೆಲ್ಲ ನಾನು ನೊಣ ಹಿಡಿದೆ. ಹಬೆ ಬಂದಾಗ ಅದು ಗೋಡೆ ಗಡಿಯಾರದ ಮೇಲೂ ಕೂತದ್ದುಂಟು.

ರೋಲರಕ್ಕ ಕೂಗುವ ದೃಶ್ಯಕ್ಕೂ ವೃತ್ತ ಎಳೆದೆ. ಅವಳು ಬಟ್ಟೆ ಹೊದ್ದುಕೊಂಡಳು. ವೃತ್ತ ಗಾಬರಿಯಾಯಿತು. ಅತ್ತಿತ್ತ ನೋಡಿ, ಪಕ್ಕದಲ್ಲೇ ತಲೆ ತೂಗುತ್ತಿದ್ದ ಬಾವಿ ಸಾರ್ ಮುಖದ ಮೇಲೆ ಹೋಗಿ ಹಾಯಾಗಿ ಕೂತಿತು. ಅವಳು ಬಟ್ಟೆ ಬಿಸಾಕಿದಳು. ಕೆಂಡದ ಮುಖ ಪರದೆ ತುಂಬ ಬಂತು. ಪಕ್ಕದಲ್ಲಿ ಮುಖವಿಲ್ಲದ ಮನುಷ್ಯನೊಬ್ಬ ಗಲ್ಲಕ್ಕೆ ಕೈಯಿಟ್ಟು ಮರುಗುತ್ತಿದ್ದ.

ನನಗೆ ನಗು ಬಂತು. ಆಮೇಲೆ ಬೆವರು ಬಂತು. ವೃತ್ತವನ್ನು ಹಿಡಿದು ತರಬೇಕು. ಮೌಸಿಗೆ ಕೈ ಹಾಕಿದೆ, ಹಿಂದಕ್ಕೆ ತೆಗೆದೆ. ಎದುರು ನಿಂತು ವಾದಿಸುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಆದರೆ ಒಂದು ಕೆಲಸವನ್ನು ಮಾಡದೆ ಬಿಡಲು ಬಾಯಿ ಬೇಕಾಗಿಲ್ಲವಲ್ಲ.

“ಮುಗೀತಾ?” ಎಂದು ಹೊರಗಿನಿಂದ ಸಾರ್ ಕೂಗಿದರು.

“ಮುಗೀತು ಸಾರ್” ಎಂದೆ.

ಅವರು ಕೊನೆಯ ಸಲ ನೋಡುತ್ತಾರೆ, ಸಿಕ್ಕಿಬೀಳುತ್ತೇನೆ ಎಂದೇ ಎಣಿಸಿದ್ದೆ. ಅವರು ಕೂತರು ಕೂಡ. ಆದರೆ ಆ ದೃಶ್ಯದ ಮೇಲೆ ಅವರದೇ ನಿರೂಪಣೆಯ ದನಿ ಬರುತ್ತದೆ. ತಮ್ಮ ದನಿ ಕೇಳಿಸಿದಾಗ ಅವರು ಯಾವಾಗಲೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಪ್ರದರ್ಶನದ ಮಧ್ಯಾಹ್ನ ನೆಲಮಾಳಿಗೆಯ ಹೆಂಗಸರು ಹಿಂದಿನ ಮೆಟ್ಟಿಲು ಬಿಟ್ಟು ಮುಂಬಾಗಿಲಿನ ಲಿಫ್ಟಿಗೆ ಬಂದರು. ಲಿಫ್ಟಿನವನು, “ಯಾರನ್ನು ನೋಡಬೇಕು?” ಎಂದ. “ನಮ್ಮನ್ನೇ” ಎಂದು ಒಳಗೆ ನುಗ್ಗಿದರು.

ಹಾಲಿನ ತುಂಬ ಜನ. ಮುಂದಿನ ಸಾಲಿನಲ್ಲಿ ವೈದ್ಯರು ಮತ್ತು ನೆರವು ಕೊಟ್ಟ ಸಂಸ್ಥೆಯ ಮೇಡಂ. ನಡುವೆ ಕೌಂಟರುಗಳಲ್ಲಿ ಕೆಲಸ ಮಾಡುವವರು, ಅವರ ನಟ್ಟನಡುವೆ ನಾದಿನಿ. ಒಂದೂ ಮಡಿಕೆ ಬೀಳದ ಬಟ್ಟೆ, ಒಂದೂ ಮಡಿಕೆ ಬೀಳದ ಮುಖ. ಹಿಂದೆ ರೋಲರಕ್ಕ, ಅವಳ ಗಂಡ, ಮಕ್ಕಳು, ನೆಂಟರು. ನಾನು ಸಭೆಯ ಮೈಕ್ ಹಿಡಿದು ಗೋಡೆಗೆ ಅಂಟಿಕೊಂಡಿದ್ದೆ. ಗೋಡೆ ಬಾಯಿಬಿಟ್ಟರೆ ಒಳಗೆ ಹೋಗಲು ಸಿದ್ಧಳಿದ್ದೆ.

ಚಿತ್ರ ಶುರುವಾಯಿತು. ಮುಖವಿಲ್ಲದ ಹೆಂಗಸರು ಒಗೆದರು, ಹಿಂಡಿದರು, ಮಡಚಿದರು. ಹಿಂದಿನ ಸಾಲಿನಲ್ಲಿ, “ಅದು ನನ್ನ ಕೈ!” “ಸುಮ್ನಿರೇ, ಅದು ನಂದು, ನಿನ್ನ ಉಗುರು ಅಷ್ಟು ಚೆನ್ನಾಗಿಲ್ಲ” ಎಂಬ ಜಗಳ ಹತ್ತಿತು. ರೋಲರಕ್ಕ ಮಸುಕಾಗಿ ಕಂಡಾಗಲೆಲ್ಲ ನಾದಿನಿ ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗಾಗುತ್ತಿದ್ದಳು. ರೋಲರಕ್ಕ ಗೋಡೆ ನೋಡುವುದನ್ನು ಮರೆತು, ಕತ್ತಲೆಯಲ್ಲಿ ನನ್ನನ್ನು ಹುಡುಕುತ್ತಿದ್ದಳು. ಆ ನೋಟ ನನ್ನ ಮೇಲೆ ಬಿಸಿ ರೋಲರಿನಂತೆ ಹಾಯಿತು.

ಆಗ ಆ ದೃಶ್ಯ ಬಂತು. ಬಟ್ಟೆ ಹೊದ್ದಳು, ಬಟ್ಟೆ ಬಿಸಾಕಿದಳು.

ಮೊದಲು ನೆಲಮಾಳಿಗೆಯವರು ಕಿರುಚಿದರು. ಆಮೇಲೆ ಬಾವಿ ಸಾರ್ ಅವರ ಮುಖವಿಲ್ಲದ ತಲೆ ತೂಗುತ್ತಿದ್ದದ್ದು ಎಲ್ಲರಿಗೂ ಕಂಡು, ಹಾಲಿಗೆ ಹಾಲೇ ನಕ್ಕಿತು. ಸಾರ್ ಕಣ್ಣು ತೆರೆದರು.

ಸಂಸ್ಥೆಯ ಮೇಡಂ ಎದ್ದು ಕೈಯೆತ್ತಿ ಚಿತ್ರ ನಿಲ್ಲಿಸಿದರು. ರೋಲರಕ್ಕನ ಕೆದರಿದ ತಲೆ, ತೆರೆದ ಬಾಯಿ ಪರದೆಯ ಮೇಲೆ ಹಾಗೇ ನಿಂತವು. “ಕ್ಷಮಿಸಿ. ಈ ಹೆಣ್ಣುಮಗಳ ಗುರುತು ಬಯಲಾಗಿದೆ. ಅವರಿಗೆ ತೊಂದರೆ ಆಗಬಹುದು. ಚಿತ್ರವನ್ನ ಮುಂದುವರಿಸೋಕೆ ಆಗಲ್ಲ.”

“ತೊಂದರೆ ಏನಿಲ್ಲ, ಮುಂದಕ್ಕೆ ಬಿಡಿ ಮೇಡಂ” ಎಂದಳು ರೋಲರಕ್ಕ ಎದ್ದು ನಿಂತು. “ನಾನೇ ಒಪ್ಪಿದೀನಲ್ಲ.”

“ನೀವು ಒತ್ತಡದಲ್ಲಿ ಹೇಳ್ತಿರಬಹುದಮ್ಮ.”

“ಒತ್ತಡವಾ? ನಂಗಾ?”

“ನಿಮ್ಮ ಮನೆಯವರು ಯಾರಾದ್ರೂ ಎದ್ದು ಹೇಳಿದ್ರೆ ಸರಿ” ಎಂದರು ಮೇಡಂ. “ಇಲ್ಲಾಂದ್ರೆ ಇಲ್ಲಿಗೇ ನಿಲ್ಲಿಸ್ತೀವಿ.”

ರೋಲರಕ್ಕನ ಗಂಡ ಪಾಪ, ತಕ್ಷಣ ಎದ್ದ. “ನಾನು ಇವಳ…”

“ಕೂತ್ಕೊಳ್ರಿ! ನಿಮ್ಮನ್ನ ಯಾರು ಕೇಳಿದ್ರು?” ಎಂದು ರೋಲರಕ್ಕ ಅವನನ್ನು ಗದರಿದಳು.

ಅವನು ಕೂತ. ರೋಲರಕ್ಕ ನಿಂತೇ ಇದ್ದಳು. ನೆಲಮಾಳಿಗೆಯವರೆಲ್ಲ ನಡುವಿನ ಸಾಲಿನತ್ತ ಕತ್ತು ತಿರುಗಿಸಿದರು. ನಾದಿನಿ ತನ್ನ ಚೀಲದೊಳಗೆ ಏನೋ ಹುಡುಕುತ್ತಿದ್ದಳು. ಆ ಚೀಲ ಅಂಗೈಯಗಲ ಇತ್ತು. ಅದರಲ್ಲಿ ಅಷ್ಟು ಹೊತ್ತು ಹುಡುಕುವಂಥದ್ದು ಏನೂ ಇರಲಾರದು. ರೋಲರಕ್ಕನ ಗದ್ದ ನಿಧಾನವಾಗಿ ಕೆಳಗಿಳಿಯಿತು. ಪರದೆಯ ಮೇಲಿನ ಮುಖ ಅಷ್ಟು ದೊಡ್ಡದಾಗಿ ಗುಡುಗುತ್ತಿದ್ದರೆ ಕೆಳಗಿನ ಮುಖ ಪುಟ್ಟದಾಗುತ್ತ ಹೋಯಿತು. ಅವಳು ಕೂರಲು ಕುರ್ಚಿಗೆ ಕೈಯಿಟ್ಟಳು.

ಆಗ ನಾದಿನಿಯ ಪಕ್ಕ ಕೂತಿದ್ದ ಕೌಂಟರಿನವಳು ಪರದೆಯನ್ನು ನೋಡಿ ಮೂಗು ಮುರಿದು, “ಅಬ್ಬಾ, ಎಂಥ ಬಜಾರಿ ಹೆಂಗಸು! ಇಂಥವಳ ಮುಖ ಮುಚ್ಚಿದ್ದೇ ಒಳ್ಳೇದಿತ್ತು” ಎಂದಳು.

ನಾದಿನಿಯ ಚೀಲ ಟಪ್ಪೆಂದು ಮುಚ್ಚಿತು.

“ಏನಂದ್ರಿ?” ಎಂದು ಅವಳು ಎದ್ದಳು. “ಬಜಾರಿ ಅಂದ್ರಾ? ನಮ್ಮತ್ತಿಗೇನ ಬಜಾರಿ ಅನ್ನೋಕೆ ನೀವ್ಯಾರ್ರೀ? ಅನ್ನೋದಿದ್ರೆ ನಾನು ಅಂತೀನಿ. ಇಷ್ಟು ವರ್ಷದಿಂದ ನಾನೇ ಅಂತಿದೀನಿ!”

“ಇವರು ನಿಮ್ಮತ್ತಿಗೇನಾ?” ಕೌಂಟರಿನವಳ ಕಣ್ಣು ಅಗಲವಾಯಿತು. “ಸಂಗೀತದ ಟೀಚರ್ರು?”

ಹಾಲಿನ ಅಷ್ಟೂ ತಲೆಗಳು ನಾದಿನಿಯ ಕಡೆಗೆ ತಿರುಗಿದ್ದವು. ಅವಳ ಕಿವಿ ಕೆಂಪಾಯಿತು. ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಪರದೆ ನೋಡಿದಳು.

“ಸಂಗೀತವೂ ಇಲ್ಲ, ಗಿಂಗೀತವೂ ಇಲ್ಲ. ಕೆಳಗೆ ಬಟ್ಟೆ ಒಗೀತಾಳೆ. ಅವಳು ನಮ್ಮತ್ತಿಗೆ.”

“ಹಿಂದೆ ಕೇಳಿಸ್ಲಿಲ್ಲ!” ಎಂದಳು ರೋಲರಕ್ಕ.

ನನ್ನ ಕಾಲು ಗೋಡೆ ಬಿಟ್ಟು ಓಡಿತು. ಸಾಲುಗಳ ನಡುವೆ ಮೊಣಕಾಲುಗಳನ್ನು ತುಳಿಯುತ್ತ ಹೋಗಿ ಮೈಕನ್ನು ನಾದಿನಿಯ ಬಾಯಿಗೆ ಹಿಡಿದೆ. ಅವಳು ನನ್ನನ್ನು ಸುಟ್ಟುಬಿಡುವಂತೆ ನೋಡಿದಳು.

“ಅವಳು ನಮ್ಮತ್ತಿಗೆ!” ಮೈಕಿನಲ್ಲಿ ಅದು ಕಿಟಕಿ ಗಾಜು ನಡುಗುವಂತೆ ಕೇಳಿಸಿತು.

“ಯಾವ ಅತ್ತಿಗೆ?” ಎಂದಳು ರೋಲರಕ್ಕ ಹಿಂದಿನಿಂದ.

“ನಂಗಿರೋದೇ ಒಬ್ಬಳು! ಅದೇ ಸಾಕಾಗಿಹೋಗಿದೆ! ಮೇಡಂ, ಅವಳಿಗೆ ಯಾರೂ ತೊಂದರೆ ಕೊಡಲ್ಲ. ಕೊಡೋದಿದ್ರೆ ಅವಳೇ ಕೊಡ್ತಾಳೆ. ಮುಂದಕ್ಕೆ ಬಿಡಿ ಚಿತ್ರಾನ!”

ರೋಲರಕ್ಕ ಕೂತಳು. ಬೀಗಬಾರದೆಂದು ಅಭ್ಯಾಸ ಮಾಡಿದ್ದೆಲ್ಲ ನೀರಿಗೆ ಹೋಯಿತು. ಅವಳು ಬೋರೆಂದು ಅತ್ತಳು, ಗಂಡನ ಅಂಗಿಯ ತೋಳಿಗೇ ಮೂಗು ಒರೆಸಿದಳು. ಅದನ್ನು ಹಿಡಿಯಬೇಕಾಗಿದ್ದ ಕ್ಯಾಮೆರಾಮನ್ ಚಪ್ಪಾಳೆ ತಟ್ಟುತ್ತಿದ್ದ.

ಮೇಡಂ ಒಪ್ಪಿ ಮುಂದಕ್ಕೆ ಬಿಡಿಸಿದ ಚಿತ್ರ ಮುಗಿದ ಮೇಲೆ ಬಾವಿ ಸಾರ್ ನನ್ನ ಕಡೆಗೇ ಬಂದರು. “ಆ ಬ್ಲರ್ ನನ್ನ ಮುಖಕ್ಕೆ ಹೇಗಮ್ಮ ಬಂತು?” ನಾನು ಉತ್ತರ ಕಟ್ಟುವಷ್ಟರಲ್ಲಿ ಹಿರಿಯ ವೈದ್ಯರೊಬ್ಬರು ಅವರ ಕೈ ಹಿಡಿದು ಕುಲುಕಿದರು. “ಅದ್ಭುತ! ದುಡಿಯೋರು ಕಾಣ್ತಾರೆ, ಚಿತ್ರ ತೆಗೆದೋನು ಮರೆಯಾಗ್ತಾನೆ. ಎಂಥ ಯೋಚನೆ!”

ಸಾರ್ ಕಣ್ಣು ಮುಚ್ಚಿದರು. “ಅದು… ಬಹಳ ಯೋಚಿಸಿ ಮಾಡಿದ್ದು” ಎಂದರು. “ತುಂಬ ಆಳವಾಗಿದೆ ಸಾರ್” ಎಂದ ಕ್ಯಾಮೆರಾಮನ್ ನನ್ನತ್ತ ನೋಡದೆ.

ಬಾಗಿಲ ಬಳಿ ಅತ್ತಿಗೆ ನಾದಿನಿ ಆಗಲೇ ಜಗಳ ಶುರುಮಾಡಿದ್ದರು. “ಪುಟ್ಟಿ, ಪರದೇಲಿ ನಂಗೆ ಎರಡು ಗದ್ದ ಕಾಣ್ತಿತ್ತು. ಕೆಳಗಿನ ಗದ್ದಕ್ಕೆ ಮಾತ್ರ ಒಂಚೂರು ಮಸುಕು ಹಾಕ್ತೀಯಾ?” ಎಂದಳು ರೋಲರಕ್ಕ.

“ಹಾಕ್ಬೇಡಮ್ಮ” ಎಂದಳು ನಾದಿನಿ. “ಆಮೇಲೆ ಇಡೀ ಪರದೆಗೇ ಹಾಕ್ಬೇಕಾಗುತ್ತೆ.”

“ನೋಡು, ನೋಡು, ಎಂಥ ಬಾಯಿ! ಗಾಜಿನ ಹಿಂದೆ ಕೂತು ಬೆಳೆಸಿದ ಬಾಯಿ. ಒಂದು ದಿನ ಬಂದು ರೋಲರ್ ಹತ್ರ ನಿಲ್ಲು, ಗೊತ್ತಾಗುತ್ತೆ.”

“ನಿಲ್ತೀನಿ. ಏನೀಗ? ಈಗ್ಲೇ ನಡೀರಿ.”

ನಿಜವಾಗಿಯೂ ಹೋದರು. ಕಾಲರ್ ಮೈಕುಗಳನ್ನು ವಾಪಸು ತರಬೇಕೆಂಬ ನೆವ ಹುಡುಕಿಕೊಂಡು ನಾನೂ ಹಿಂದೆ ಇಳಿದೆ. ನಾದಿನಿ ತೋಳೇರಿಸಿ, ಒದ್ದೆ ಬಟ್ಟೆಯ ಒಂದು ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ನಿಂತಿದ್ದಳು. ಇನ್ನೊಂದು ತುದಿಯಲ್ಲಿ ರೋಲರಕ್ಕ.

“ಎಳೀಬೇಡ ಕಣೇ! ಬರೀ ಹಿಡ್ಕೋ!”

“ಹಿಡ್ಕೊಂಡೇ ಇದೀನಲ್ಲ ಅತ್ತಿಗೆ!”

“ಜೋರಾಗಿ ಹೇಳು, ಯಂತ್ರದ ಸದ್ದಿಗೆ ಕೇಳಿಸ್ತಿಲ್ಲ!”

“ಹಿಡ್ಕೊಂಡಿದೀನಿ ಅತ್ತಿಗೇ!”